ತೂಕಕ್ಕೆ ಸರಿಹೋದ ಕೇಬಲ್ಲು

ಮೇಲ್ಗದ್ದೆಯ ಟ್ರಾನ್ಸ್‌ಫಾರ್ಮರಿನಿಂದ ಹಳ್ಳದ ಪಂಪಿಗೆ ನೂರಹತ್ತು ಮೀಟರ್ ದೂರ ಎಂಬುದು ೧೯೯೮ರಲ್ಲಿ ನಕ್ಷೆಯ ಆಧಾರದ ಮೇಲೆ ಸಾಬೀತಾದ ಸಂಗತಿ. ಸಕಲೇಶಪುರದ ಗಿರಿಜಲ ಯೋಜನಾ ಕಚೇರಿಯ ಇಂಜಿನಿಯರ್ ವೀರಭದ್ರಯ್ಯನವರೇ ಸ್ಕೇಲಿಟ್ಟು ಅಳೆದಿದ್ದರು. ನಡುವೆ ಒಂದು ಗುಡ್ಡವಿತ್ತು, ನಿಜ. ಆದರೆ ಅದಕ್ಕೆ ನಕ್ಷೆಯಲ್ಲಿ ಜಾಗ ಮಂಜೂರಾಗಿರಲಿಲ್ಲ.

ಊರಿನ ನಲ್ಲಿಗಳಿಗೆ ನೀರೆತ್ತುವ ಈ ಪಂಪಿಗೆ ಆಪರೇಟರಾಗಿ ನೇಮಕಗೊಂಡ ಗಿಡ್ಡಯ್ಯ, ಹೆಗ್ಗದ್ದೆ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರಿನ ವೈರಿಂಗ್ ನೋಡಿಕೊಂಡು ಇಪ್ಪತ್ತು ವರ್ಷ ಕಳೆದವನು. ಮೋಟರು ದೂರವಾದಷ್ಟೂ ಕೇಬಲ್ಲು ದಪ್ಪವಾಗಬೇಕೆಂಬುದನ್ನು ಅವನು ಓದಿ ಕಲಿತದ್ದಲ್ಲ, ಕೈ ಸುಟ್ಟುಕೊಂಡು ಕಲಿತದ್ದು. ಅವನ ಹೆಂಡತಿ ಹುಲಿಯಮ್ಮನ ಮಂಡಿ ಹಳ್ಳದಿಂದ ನೀರು ಹೊತ್ತು ಹೊತ್ತು ಸವೆದುಹೋಗಿತ್ತು. "ನಲ್ಲಿ ಬಂದ ದಿನದಿಂದ ನೀನು ಬಿಂದಿಗೆ ಹಿಡ್ಕಂಡು ಹಳ್ಳಕ್ಕಿಳಿಯಂಗಿಲ್ಲ ಕಣೇ," ಎಂದು ಅವನು ಮಾತು ಕೊಟ್ಟಿದ್ದ. ಆ ಕೆಲಸಕ್ಕೆ ಅವನು ಸೇರಿದ್ದೇ ಅದಕ್ಕಾಗಿ.

ಹತ್ತು ಎಚ್.ಪಿ. ಮೋಟರಿಗೆ ಹತ್ತು ಚದರ ಮಿಲಿಮೀಟರಿನ ಕೇಬಲ್ಲು ಬಂತು. ಎಳೆದರೆ ಗುಡ್ಡದ ಕಾಲುಭಾಗ ಸುತ್ತುವಷ್ಟರಲ್ಲೇ ಮುಗಿದುಹೋಯಿತು. ನಿಜವಾದ ದಾರಿ ನಾನೂರನಲವತ್ತು ಮೀಟರ್. ಗಿಡ್ಡಯ್ಯ ಬಸ್ಸು ಹತ್ತಿ ಕಚೇರಿಗೆ ಹೋದ.

"ದೂರ ಜಾಸ್ತಿ ಐತೆ ಸಾರ್. ಉದ್ದನೂ ಸಾಲಲ್ಲ, ದಪ್ಪನೂ ಸಾಲಲ್ಲ. ಹದಿನಾರರದ್ದು ಕೊಡಿ."

ವೀರಭದ್ರಯ್ಯನವರು ಕೆಟ್ಟವರಲ್ಲ. ಕಡತ ತೆಗೆಸಿ ಓದಿದರು. ಮಂಜೂರಾತಿ ಪತ್ರದಲ್ಲಿ ಕೇಬಲ್ಲಿನ ಉದ್ದ, ದಪ್ಪಗಳ ಮಾತೇ ಇರಲಿಲ್ಲ. ತಾಮ್ರದ ತೂಕ ಮಾತ್ರ ಇತ್ತು: ಇಪ್ಪತ್ತೊಂಬತ್ತು ಕೆ.ಜಿ.

"ತೂಕ ಮೀರೋ ಹಾಗಿಲ್ಲ ಗಿಡ್ಡಯ್ಯ. ಉದ್ದ ನಾಲ್ಕು ಪಟ್ಟು ಬೇಕು ತಾನೆ? ದಪ್ಪ ನಾಲ್ಕರಲ್ಲೊಂದು ಪಾಲು ಮಾಡಿದ್ರಾಯ್ತು. ಎರಡೂವರೆದು ತಗೊಂಡು ಹೋಗು."

"ಕರೆಂಟು ತೂಕ ನೋಡ್ಕಂಡು ಹರಿಯಲ್ಲ ಸಾರ್. ಕೇಬಲ್ ಕಾದ್ಬುಡ್ತದೆ."

"ಕಾಯಲ್ಲ ಅಂತ ನಾನೆಲ್ಲಿ ಹೇಳ್ದೆ? ಕಾದರೆ ಅರ್ಜಿ ಕೊಡು."

ಯುಗಾದಿಯ ದಿನ ಪಂಪು ಚಾಲೂ ಆಯಿತು. ಮೋಟರು ಹೊಟ್ಟೆನೋವು ಬಂದವರ ಹಾಗೆ ನರಳಿತು. ಹತ್ತೇ ನಿಮಿಷಕ್ಕೆ ಕೇಬಲ್ಲಿನ ಪಕ್ಕದ ತರಗೆಲೆ ಹೊಗೆಯಾಡತೊಡಗಿತು. ಗಾಬರಿಯಾದ ಗಿಡ್ಡಯ್ಯ ಒಂದು ಬಿಂದಿಗೆ ನೀರು ತಂದು ಸುರಿದ. ಕೇಬಲ್ಲು ಚುಸ್ ಎಂದಿತು, ಮೋಟರು ಸ್ವಲ್ಪ ಚೇತರಿಸಿಕೊಂಡಿತು. ಅವನು ಮಾಡಿದ ಒಂದೇ ತಪ್ಪೆಂದರೆ ಇದನ್ನು ಅರ್ಜಿಯಲ್ಲಿ ಬರೆಸಿದ್ದು. ಅವನು ಬರೆಸಿದ್ದು ದೂರೆಂದು, ಕಚೇರಿ ಓದಿದ್ದು ಪರಿಹಾರವೆಂದು. ಮೂರನೆಯ ದಿನ ಸುತ್ತೋಲೆ ಬಂತು.

"ಕೇಬಲ್ ಬಿಸಿಯಾಗಲು ಅದು ಒಣಗಿರುವುದೇ ಕಾರಣವೆಂದು ಸಿಬ್ಬಂದಿಯ ಅರ್ಜಿಯಿಂದ ದೃಢಪಟ್ಟಿರುತ್ತದೆ. ಆದ್ದರಿಂದ ಪಂಪು ಚಾಲನೆಯಲ್ಲಿರುವಾಗ ಗ್ರಾಮಸ್ಥರು ಸರದಿಯಂತೆ ಕೇಬಲನ್ನು ತೇವವಾಗಿಡತಕ್ಕದ್ದು. ಸದರಿ ಕಾರ್ಯಕ್ಕೆ ನಲ್ಲಿ ನೀರನ್ನು ಬಳಸತಕ್ಕದ್ದಲ್ಲ. ಅದು ಕುಡಿಯುವ ಉದ್ದೇಶಕ್ಕೆ ಮಾತ್ರ ಮಂಜೂರಾಗಿರುತ್ತದೆ. ಆಪರೇಟರು ಸ್ಟಾರ್ಟರ್ ಬಿಟ್ಟು ಕದಲತಕ್ಕದ್ದಲ್ಲ."

ಊರವರು ಸಭೆ ಸೇರಿ ಸರದಿ ಹಂಚಿಕೊಂಡರು. ಮನೆಗೆ ಆರು ಬಿಂದಿಗೆಯಂತೆ ಹಳ್ಳದಿಂದ ತಂದು ಕೇಬಲ್ಲಿಗೆ ಹಾಕುವುದು. ಅಷ್ಟು ಹಾಕಿದರೆ ನಲ್ಲಿಯಲ್ಲಿ ಮನೆಗೆ ನಾಲ್ಕು ಬಿಂದಿಗೆ ಸಿಗುತ್ತಿತ್ತು.

ಗಿಡ್ಡಯ್ಯ ಎದ್ದು ನಿಂತ. "ಆ ಆರು ಬಿಂದಿಗೆನ ಸೀದಾ ಮನೆಗೇ ಹೊತ್ಕಂಡೋದ್ರೆ ಆಗಲ್ವೇನ್ರಪ್ಪಾ?"

ಸಭೆ ಅವನನ್ನು ಮರುಕದಿಂದ ನೋಡಿತು. ಪಂಚಾಯ್ತಿ ಮೆಂಬರ್ ಸುಬ್ಬಯ್ಯ ತಾಳ್ಮೆಯಿಂದ ತಿಳಿಹೇಳಿದ: "ಹೊತ್ಕಂಡು ತರೋದು ಹಳ್ಳದ ನೀರು ಕಣೋ ಮಾರಾಯ. ನಲ್ಲೀಲಿ ಬರೋದು ಸರ್ಕಾರದ ನೀರು. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ತೀಯಲ್ಲೋ!"

ಹುಲಿಯಮ್ಮನೂ ತಲೆದೂಗಿದಳು. ಮಾರನೆಯ ದಿನ ಮಂಡಿಗೆ ಬಟ್ಟೆ ಬಿಗಿದುಕೊಂಡು ಹಳ್ಳಕ್ಕಿಳಿದಳು. ಸ್ಟಾರ್ಟರ್ ಬಿಟ್ಟು ಕದಲುವಂತಿಲ್ಲದ ಗಿಡ್ಡಯ್ಯ ನಿಂತಲ್ಲೇ ನೋಡಿದ.

"ಯಾಕ್ ಮುಖ ಸಣ್ಣ ಮಾಡ್ಕಂಡಿದ್ದೀಯ?" ಎಂದಳು ಅವಳೇ. "ಮೊದ್ಲು ಮನೆಗಂಟ ಹೊರ್ತಿದ್ದೆ. ಈಗ ಕೇಬಲ್‌ಗಂಟ ಅಷ್ಟೇ."

ಮೇ ತಿಂಗಳಲ್ಲಿ ವೀರಭದ್ರಯ್ಯನವರು ತಪಾಸಣೆಗೆ ಬಂದರು. ಗುಡ್ಡದುದ್ದಕ್ಕೂ ಹೆಂಗಸರು ಸಾಲಾಗಿ ನಿಂತು ಕೇಬಲ್ಲಿಗೆ ನೀರೆರೆಯುವುದನ್ನು ಕಂಡು ಅವರ ಕಣ್ಣು ಒದ್ದೆಯಾಯಿತು. ಜನರ ಸಹಭಾಗಿತ್ವ ಎಂದು ಓದಿದ್ದರು, ಕಂಡಿರಲಿಲ್ಲ. "ಏನಾದ್ರೂ ಅನನುಕೂಲ ಇದೆಯಾ ತಾಯಿ?" ಎಂದು ಕೇಳಿದರು.

"ಹಳ್ಳದಿಂದ ಇಲ್ಲಿಗಂಟ ಹೊರೋದೇ ಕಷ್ಟ ಸಾಮಿ," ಎಂದಳು ಹುಲಿಯಮ್ಮ. "ಕೇಬಲ್ ಪಕ್ಕದಲ್ಲೇ ಒಂದು ನಲ್ಲಿ ಹಾಕ್ಸಿಕೊಡಿ."

ನ್ಯಾಯವಾದ ಬೇಡಿಕೆ. ಕೇಬಲ್ ತೇವಗೊಳಿಸುವ ಉದ್ದೇಶಕ್ಕಾಗಿ ಪ್ರತ್ಯೇಕ ಪಂಪು ಕೊಡಬಹುದೆಂದು ವೀರಭದ್ರಯ್ಯನವರು ಅಲ್ಲೇ ನಿಂತು ಬರೆದುಕೊಂಡರು. ಬರೆಯುತ್ತಾ ತಲೆಯೆತ್ತಿದರು.

"ಆ ಪಂಪಿಗೆ ಕೇಬಲ್ ಎಷ್ಟು ಕೆ.ಜಿ. ಬೇಕಾಗಬಹುದು ಗಿಡ್ಡಯ್ಯ?"

ಗಿಡ್ಡಯ್ಯ ಮೀಟರುಗಳನ್ನು ಹೇಳಲೆಂದೇ ಬಾಯಿ ತೆರೆದ. ಹೆಂಗಸರೆಲ್ಲ ಬಿಂದಿಗೆ ಕೆಳಗಿಟ್ಟು ಆಸೆಯಿಂದ ಅವನ ಬಾಯನ್ನೇ ನೋಡುತ್ತಿದ್ದರು. ಹುಲಿಯಮ್ಮನೂ ನೋಡುತ್ತಿದ್ದಳು.

"ಇಪ್ಪತ್ತು ಸಾಕು ಸಾರ್," ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು.