ಅತ್ತೆಯ ವಿಷಲ್‌ಗೆ ಓಡದ ಕಾರು

ನಮ್ಮ ಅತ್ತೆ ಇಡೀ ಜನ್ಮದಲ್ಲಿ ಎರಡನೇ ಅವಕಾಶ ಅಂತ ಕೊಟ್ಟಿದ್ದು ಒಬ್ಬರಿಗೇ. ಗಂಡನಿಗಲ್ಲ, ಮಗಳಿಗಲ್ಲ, ಬೆಳಗಾಗೆದ್ದು ನೀರು ಬೆರೆಸುವ ಹಾಲಿನವನಿಗಂತೂ ಅಲ್ಲವೇ ಅಲ್ಲ. ಒಂದು ಕಾರಿಗೆ! ಅದೂ ಎಂಥ ಕಾರು? ನಾಲ್ಕು ಜನ ನೋಡುವಾಗಲೇ ನಡುರಸ್ತೆಯಲ್ಲಿ ನಿಂತು ಯೋಚನೆ ಮಾಡುವಂಥದ್ದು!

ಅತ್ತೆ ಅಂದರೆ ನಮ್ಮಪ್ಪನ ತಂಗಿ. ನ್ಯಾಮತಿಯಲ್ಲಿ ಮನೆ. ರಿಟೈರ್ ಆಗುವವರೆಗೂ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಒಂದು ವಿಷಲ್. ತಾಳಿ ಯಾವತ್ತಾದರೂ ಸೆರಗಿನೊಳಗೆ ಮರೆಯಾದೀತು, ವಿಷಲ್ ಮಾತ್ರ ಸದಾ ಎದ್ದು ಕಾಣುತ್ತಿತ್ತು. ಓಟದ ಪಂದ್ಯದಲ್ಲಿ ವಿಷಲ್‌ಗಿಂತ ಮುಂಚೆ ಹೆಜ್ಜೆ ಎತ್ತಿದವರು ಔಟ್. ಊದಿದ ಮೇಲೂ ನಿಂತವರು ಅದಕ್ಕಿಂತ ಔಟ್. ತಾಲ್ಲೂಕು ಕ್ರೀಡಾಕೂಟಕ್ಕೆ ಹೊನ್ನಾಳಿಯಿಂದ ಹೋಗಿದ್ದ ನಾನು ಆತುರಕ್ಕೆ ಬಿದ್ದು ಗೆರೆ ದಾಟಿಬಿಟ್ಟೆ. "ಅತ್ತೇ, ನಾನ್ರೀ, ನಿಮ್ಮ ಅಳಿಯ!" ಅಂದೆ. "ಮೈದಾನದಾಗೆ ಅತ್ತೆ ಇಲ್ಲ, ಅಳಿಯಾನೂ ಇಲ್ಲ. ನಡಿ ಹೊರಗೆ" ಅಂದರು. ಹಾಗೆ ಹೊರಗೆ ಬಂದವನು ಓಟ ಬಿಟ್ಟು ಮಿಮಿಕ್ರಿ ಹಿಡಿದೆ. ಈಗ ಆರ್ಕೆಸ್ಟ್ರಾಗಳಲ್ಲಿ ನಾನು ಬೇಡಿಕೆಯ ಕಲಾವಿದ. ಹಾಡುವವರಿಗೆ ನೀರು ಕುಡಿಯಲು ಟೈಮ್ ಬೇಕಲ್ಲ, ಆ ಹೊತ್ತಿಗೆ ನನ್ನನ್ನು ಬಿಡುತ್ತಾರೆ!

ಊರ ಮಕ್ಕಳನ್ನೆಲ್ಲ ನೆಗೆಸಿ ನೆಗೆಸಿ ಅತ್ತೆಯ ಎಡ ಮಂಡಿ ಸವೆದುಹೋಯಿತು. ಬಸ್ಸಿನ ಮೊದಲ ಮೆಟ್ಟಿಲು ಹೈಜಂಪ್ ಕೋಲಿನಷ್ಟು ಎತ್ತರ ಅನ್ನಿಸತೊಡಗಿತು. ಜಗಳೂರಿನಲ್ಲಿ ದೊಡ್ಡತ್ತೆ ಇದ್ದಾರೆ, ಅತ್ತೆಗೆ ಅಕ್ಕ. ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಅಲ್ಲಿಗೆ ಹೋಗಿ ಅಕ್ಕನ ಜೊತೆ ಜಗಳ ಆಡಿ ಬರದಿದ್ದರೆ ಇವರಿಗೆ ಊಟ ಸೇರುವುದಿಲ್ಲ. ಬಸ್ಸು ಹತ್ತುವಂತಿಲ್ಲ. "ಬರ್ತೀಯೇನಪ್ಪಾ, ಬಿಟ್ಟು ಬರ್ತೀಯೇನಪ್ಪಾ" ಅಂತ ಯಾರನ್ನಾದರೂ ಕೇಳಬೇಕು. ಆಜ್ಞೆ ಮಾಡಿ ಬೆಳೆದ ಬಾಯಿಗೆ ಕೇಳುವುದು ಬರಲಿಲ್ಲ.

ಅದಕ್ಕೇ ಕಾರು. ಎಡಗಾಲಿಗೆ ಕೆಲಸವೇ ಇಲ್ಲದ ಆಟೋಮ್ಯಾಟಿಕ್. ಸೆಕೆಂಡ್ ಹ್ಯಾಂಡ್, ಬಿಳಿ ಬಣ್ಣ, ಒಳಗೆ ಡಬಲ್ ಕ್ಲಚ್. ಒಂದು ಕ್ಲಚ್ ಒಂದು, ಮೂರು, ಐದನೇ ಗೇರು ನೋಡಿಕೊಂಡರೆ, ಇನ್ನೊಂದು ಎರಡು, ನಾಲ್ಕು, ಆರು ನೋಡಿಕೊಳ್ಳುತ್ತದಂತೆ. ಕೇಳಲು ಚೆಂದ. ಆದರೆ ಮನೆಗೆ ನೆಂಟರು ಬಂದಾಗ ಹಾಲು ತರಲು ಯಾರು ಹೋಗಬೇಕು ಅಂತ ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಾರಲ್ಲ? ಹಾಗೆ. ಅತ್ತೆ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತುತ್ತಾರೆ. ಕಾರು "ಊಂ..." ಅನ್ನುತ್ತದೆ. ಆಮೇಲೆ ಮೌನ. ಒಳಗೆ ಅಣ್ಣ ತಮ್ಮಂದಿರ ಚರ್ಚೆ. ಆಮೇಲೆ "ಢುಂ!" ಅಂತ ಮುಂದಕ್ಕೆ ನೆಗೆತ.

ಊಂ ಮತ್ತು ಢುಂ ಎರಡನ್ನೂ ನಾನು ಒಂದೇ ದಿನದಲ್ಲಿ ಕಲಿತೆ. ನಡುವಿನ ಆ ಮೌನ ಕಲಿಯಲು ಬಹಳ ಕಾಲ ಹಿಡಿಯಿತು. ಉಸಿರು ಹಿಡಿದು, ಕಣ್ಣು ಮೇಲೆ ಮಾಡಿ, ಗಲ್ಲ ಸ್ವಲ್ಪ ಅದುರಿಸಬೇಕು. ಮದುವೆ ಮನೆಗಳಲ್ಲಿ ಅದಕ್ಕೇ ಹೆಚ್ಚು ಚಪ್ಪಾಳೆ.

ಅತ್ತೆ ಕಾರನ್ನು ಔಟ್ ಮಾಡಲಿಲ್ಲ, ತರಬೇತಿ ಕೊಡಲು ಹೊರಟರು! ಹೊನ್ನಾಳಿ ಸರ್ಕಲ್‌ನಲ್ಲಿ ಒಂದು ದಿನ ಊಂ ಅಂದು ನಿಂತಿತು. ಅತ್ತೆ ವಿಷಲ್ ಬಾಯಿಗಿಟ್ಟು ಪೀಂಂ ಅಂತ ಊದಿದರು. ಸುತ್ತಲಿನ ಬೈಕು, ಆಟೋ, ಕಬ್ಬಿನ ಟ್ರಾಕ್ಟರ್ ಎಲ್ಲ ಗಕ್ಕನೆ ನಿಂತವು. ಇವರ ಕಾರೂ ನಿಂತೇ ಇತ್ತು. ಪೊಲೀಸಪ್ಪ ಓಡಿ ಬಂದ.

"ಮೇಡಮ್ಮಾರೇ, ಇಲ್ಲಿ ವಿಷಲ್ ಊದಾದು ನನ್ನ ಕೆಲಸ ರೀ!"

"ನಿನ್ನ ಗಾಡಿಗೆ ನೀನು ಊದಪ್ಪ. ನಾನು ನನ್ನ ಗಾಡಿಗೆ ಊದ್ಕಂತೀನಿ."

ಕಾರಿನಲ್ಲಿ ಕೂತವರಿಗೂ ಡ್ರಿಲ್ ಇತ್ತು. ಕಾರು ತಡವರಿಸಿದ ಕೂಡಲೇ ಅತ್ತೆ "ಮುಂದಕ್ಕೆ ಬಾಗ್!" ಅನ್ನುತ್ತಿದ್ದರು. ನಾವೆಲ್ಲ ಒಟ್ಟಿಗೆ ಬಾಗಬೇಕು. ಒಳಗೆ ಕೂತು ಕಾರು ತಳ್ಳುವ ಈ ವಿದ್ಯೆಗೆ ಯಾವ ವಿಜ್ಞಾನದ ಆಧಾರವಿದೆಯೋ ನಾನರಿಯೆ. ಬಾಗಿದಾಗ ಕಾರು ಹೋಗುತ್ತಿದ್ದುದಂತೂ ನಿಜ. ಬಾಗದಿದ್ದರೂ ಹೋಗುತ್ತಿತ್ತು ಅನ್ನುವ ಧೈರ್ಯ ಮಾತ್ರ ನಮಗೆ ಯಾರಿಗೂ ಇರಲಿಲ್ಲ.

ದಾವಣಗೆರೆಯ ಗ್ಯಾರೇಜಿಗೂ ಒಯ್ದೆವು. ಅಲ್ಲಿ ಮೆಕ್ಯಾನಿಕ್ ಕೂತು ಓಡಿಸಿದರೆ, ಡಾಕ್ಟರ ಎದುರು ಜ್ವರ ಇಳಿಯುವ ಹಾಗೆ, ಬೆಣ್ಣೆಯಂತೆ ಹೋಯಿತು. ಬಿಸಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಓಡಿಸಿದ ಮೇಲೆ ಒಂದು ಸಲ ತಡವರಿಸಿತು.

"ಗೇರ್‌ಬಾಕ್ಸೇ ಬದಲಿಸಬೇಕು ಮೇಡಂ, ಆ ದುಡ್ಡಿಗೆ ಇನ್ನೊಂದು ಹಳೇ ಕಾರೇ ಬರ್ತೈತೆ. ಇದು ತಪ್ಪಲ್ಲ ಬಿಡ್ರಿ, ಇದರ ಸ್ವಭಾವ."

"ನಲವತ್ತು ಮಕ್ಕಳ ಅಪ್ಪ ಅಮ್ಮಂದಿರೂ ನನಗೆ ಹಿಂಗೇ ಹೇಳ್ತಿದ್ರು" ಅಂದರು ಅತ್ತೆ, ಬೀಗದ ಕೈ ಕಸಿದುಕೊಂಡು.

ಗೋವಿನಕೋವಿ ಹತ್ತಿರ ನಡೆದದ್ದು ಇನ್ನೊಂದು. ಸುಗ್ಗಿ ಮುಗಿದರೆ ನಮ್ಮ ಕಡೆ ಅರ್ಧ ರಸ್ತೆ ವಾಹನಕ್ಕೆ, ಅರ್ಧ ರಸ್ತೆ ಮೆಕ್ಕೆಜೋಳಕ್ಕೆ. ಅಂಚಿಗೆ ಕಲ್ಲು ಇಟ್ಟು ಟಾರಿನ ಮೇಲೇ ಒಣ ಹಾಕಿರುತ್ತಾರೆ. ಎದುರಿಗೆ ಗಾಡಿ ಬಂತು ಅಂತ ಅತ್ತೆ ನಿಲ್ಲಿಸಿದರು. ಮತ್ತೆ ಒತ್ತಿದರು. ಊಂ. ಇನ್ನಷ್ಟು ಒತ್ತಿದರು. ಊಂಂ. ಸಿಟ್ಟು ಬಂದು ಪೂರ್ತಿ ಒತ್ತಿದರು. ಢುಂ! ಕಲ್ಲು ಹಾರಿಸಿಕೊಂಡು ಕಾರು ಸೀದಾ ಜೋಳದ ರಾಶಿಯ ಮೇಲೆ! ಒಬ್ಬ ಹೆಂಗಸು ಪೊರಕೆ ಹಿಡಿದುಕೊಂಡೇ ಬಂದಳು.

"ಯಾರ್ರೀ ಅದು, ಕಣ್ಣು ಎಲ್ಲಿ ಇಟ್ಕಂಡೀರಿ... ಅಯ್ಯೋ, ಪಿ.ಟಿ. ಮೇಡಮ್ಮಾರು!"

ಹಳೇ ಶಿಷ್ಯೆ. ಅತ್ತೆಯ ಮುಖ ಮೊದಲ ಸಲ ಸಣ್ಣದಾಯಿತು.

"ಒಂದೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದಕ್ಕೆ ನನ್ನನ್ನ ಮೈದಾನದಿಂದ ಆಚೆ ಹಾಕಿದ್ರಲ್ರೀ ನೀವು. ಈಗ ನಿಮ್ಮ ಕಾರಿಗೆ ಏನ್ ಮಾಡಾದು?"

ಅತ್ತೆ ಅವಳ ಕೈಯಿಂದ ಪೊರಕೆ ತೆಗೆದುಕೊಂಡು, ಮಂಡಿ ನೋವಿನಲ್ಲೇ ಬಗ್ಗಿ ಜೋಳ ಗುಡಿಸಿ ರಾಶಿ ಮಾಡಿದರು. ವಾಪಸ್ ಬರುವಾಗ ನಾನು ಕೇಳಿದೆ, "ಅತ್ತೆ, ಇದಕ್ಕೆ ಮಾತ್ರ ಎಷ್ಟು ಛಾನ್ಸು? ನನಗೆ ಒಂದಾದ್ರೂ ಕೊಟ್ರಾ?"

"ನಿನಗೆ ಎರಡು ಕಾಲು ಇದ್ವಲ್ಲೋ" ಅಂದರು. 

ನಗುವುದು ಚನ್ನಗಿರಿಯಲ್ಲಿ ನಿಂತಿತು.

ಅಲ್ಲಿ ನಮ್ಮವರ ಮನೆಯ ಗೃಹಪ್ರವೇಶ. ಅತ್ತೆ ಹಿಂದಿನ ದಿನವೇ ಜಗಳೂರಿಗೆ ಹೋಗಿ ಅಕ್ಕನನ್ನು ಕರೆತಂದಿದ್ದರು. ಊಟ ಮುಗಿಸಿ ಹೊರಟೆವು. ಮುಂದಿನ ಸೀಟಿನಲ್ಲಿ ದೊಡ್ಡತ್ತೆ, ಬಾಯಲ್ಲಿ ಎಲೆಯಡಿಕೆ. ಹಿಂದೆ ನಾನು, ಮೈಸೂರುಪಾಕಿನ ಡಬ್ಬಿ. ಅಡ್ಡರಸ್ತೆಯಿಂದ ಮುಖ್ಯರಸ್ತೆ ದಾಟಬೇಕು. ಅಡಿಕೆ ಮೂಟೆ ಹೇರಿದ ಲಾರಿ ದೂರದಲ್ಲಿತ್ತು, ಆರಾಮಾಗಿ ದಾಟಬಹುದಿತ್ತು. ಅತ್ತೆ ಒತ್ತಿದರು. ಕಾರು ರಸ್ತೆಯ ನಡುವಿನವರೆಗೆ ಹೋಗಿ ಊಂ ಅಂದಿತು. ನಿಂತಿತು.

ಯಾರೂ ಹೇಳದೆಯೇ ನಾವು ಮುಂದಕ್ಕೆ ಬಾಗಿದೆವು. ಅತ್ತೆ ವಿಷಲ್ ಊದಿದರು. ಲಾರಿಯವನು ಹಾರ್ನ್ ಒತ್ತಿ ಹಿಡಿದ. ದೊಡ್ಡತ್ತೆ ಕಣ್ಣು ಮುಚ್ಚಿಕೊಂಡರು, ನಾನೂ. ಬ್ರೇಕಿನ ಕೀರಲು ಸದ್ದು ಕೇಳಿತು. ಕಣ್ಣು ಬಿಟ್ಟರೆ ಲಾರಿಯ ಬಂಪರು ದೊಡ್ಡತ್ತೆಯ ಕಿಟಕಿಗೆ ಗೇಣು ದೂರದಲ್ಲಿ. ಆಗ, ಎಲ್ಲ ಮುಗಿದ ಮೇಲೆ, ಕಾರು ಢುಂ ಅಂತ ರಸ್ತೆ ದಾಟಿತು.

ಬದಿಯಲ್ಲಿ ನಿಲ್ಲಿಸಿದರು.  ಅತ್ತೆಯ ಬಾಯಲ್ಲಿ ವಿಷಲ್ ಹಾಗೇ ಇತ್ತು. ಉಸಿರಾಡಿದಾಗೆಲ್ಲ ಅದು ಸಣ್ಣಗೆ ಪೀ, ಪೀ ಅನ್ನುತ್ತಿತ್ತು.

"ಏನಾಗಲಿಲ್ಲ ಬಿಡೇ. ನಡಿ" ಅಂದರು ದೊಡ್ಡತ್ತೆ.

ಅತ್ತೆ ಆಮೇಲೂ ಕಾರು ಓಡಿಸಿದರು. ಆದರೆ ಒಂದು ದಿನ ನ್ಯಾಮತಿಯ ಕೂಡುರಸ್ತೆಯಲ್ಲಿ ನಿಂತವರು ಹೊರಡಲೇ ಇಲ್ಲ. ಎಡಕ್ಕೆ ನಾಯಿಯೂ ಇಲ್ಲ, ಬಲಕ್ಕೆ ಸೈಕಲ್ಲೂ ಇಲ್ಲ. ಅಭ್ಯಾಸಬಲದಿಂದ ನಾನು ಬಾಗಿ ಕೂತೆ.

"ಅತ್ತೆ, ರೋಡು ಖಾಲಿ ಐತೆ."

"ಗೊತ್ತು."

"ಮತ್ತೆ? ತಡವರಿಸಾಕೆ ಹತ್ತಿತಾ?"

"ಅದಲ್ಲ ಕಣೋ, ನಾನು. ನಾನಿನ್ನೂ ಒತ್ತೇ ಇಲ್ಲ."

ಮರುವಾರ ಕಾರು ಮಾರಿದರು. ಬೇರೆ ಕಾರು ತಗೊಳ್ಳಿ ಅಂದೆವು. ಬೇಡ ಅಂದರು. "ವಿಷಲ್ ಊದೋಳೇ ಅನುಮಾನ ಪಟ್ರೆ ಓಡೋರು ಏನ್ ಮಾಡಬೇಕು?"

ಕೊಂಡವನು ಚನ್ನಗಿರಿ ಕಡೆಯ ಹುಡುಗ, ಅವನ ಭಾವನದೇ ಗ್ಯಾರೇಜು. ಅತ್ತೆ ಅವನಿಗೆ ಏನನ್ನೂ ಮುಚ್ಚಿಡಲಿಲ್ಲ. "ರಿಪೇರಿ ಮಾಡಿಸೋವರೆಗೂ ದೊಡ್ಡ ರಸ್ತೆಗೆ ತರಬ್ಯಾಡ. ಸ್ವಲ್ಪ ಯೋಚನೆ ಮಾಡ್ತೈತೆ. ಬೈಬ್ಯಾಡ, ಬೈದ್ರೆ ಇನ್ನೂ ತಡ ಮಾಡ್ತೈತೆ" ಅಂದರು. ಆಮೇಲೆ ಒಳಗಿನಿಂದ ಅಕ್ಕಿ, ಕೊಬ್ಬರಿ, ಎಲೆಯಡಿಕೆ, ಹಸಿರು ಕುಪ್ಪಸದ ಬಟ್ಟೆ ತಂದು ಡ್ರೈವರ್ ಸೀಟಿನ ಮೇಲೆ ಇಟ್ಟರು. ತವರಿಂದ ಹೊರಟ ಹೆಣ್ಣುಮಗಳಿಗೆ ಉಡಿ ತುಂಬುತ್ತಾರಲ್ಲ, ಹಾಗೆ. ಹುಡುಗ ಕಕ್ಕಾಬಿಕ್ಕಿ.

"ಮೇಡಂ, ಇವೆಲ್ಲ ಗಾಡಿ ಜೊತೆ ಬರ್ತಾವಾ?"

"ಬರ್ತಾವೆ. ನೀನು ಹಿಂದೆ ಇಟ್ಕಂಡು ಕೂತ್ಕ."

ಅವನು ಕೂತ, ಸ್ಟಾರ್ಟ್ ಮಾಡಿದ. ನಾವೆಲ್ಲ ಗೇಟಿನ ಬಳಿ ಕಾದೆವು. ಅತ್ತೆಯ ಕೈ ವಿಷಲ್ ಮೇಲಿತ್ತು. ಕಾರು ಊಂ ಅನ್ನಲಿಲ್ಲ, ಢುಂ ಅನ್ನಲಿಲ್ಲ. ಎಷ್ಟು ನಯವಾಗಿ ಹೋಯಿತು ಅಂದರೆ ಗೇಟಿನ ಕೋಳಿ ಕೂಡ ತಲೆ ಎತ್ತಲಿಲ್ಲ.

"ನೋಡೋ ಅದರ ಸೊಕ್ಕು" ಅಂದರು ಅತ್ತೆ. "ಇವತ್ತೊಂದಿನ ನಿಲ್ಲಬಾರ್ದಿತ್ತಾ?"

ಜಗಳೂರಿಗೆ ನಾನು ಕರಕೊಂಡು ಹೋಗ್ತೀನಿ ಅತ್ತೆ, ಅಂದೆ. "ಗೊತ್ತು ಬಿಡೋ. ಕರಕೊಂಡು ಹೋಗೋರು ಬಾಳ ಜನ ಅದಾರೆ" ಅಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸಂಜೆ ಕಟ್ಟೆಯ ಮೇಲೆ ಕೂತಿದ್ದೆವು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ.

"ಲೋ ಅಳಿಯಾ, ಮದುವೆ ಮನೆಯಾಗೆ ಮಾಡ್ತಿದ್ದೆಯಂತಲ್ಲ. ಒಂದ್ಸಲ ಮಾಡೋ."

"ಯಾರದು ಅತ್ತೆ? ನಿಮ್ಮದಾ?"

"ನಂದು ಯಾರಿಗೆ ಬೇಕು? ಅದರದು."

ನಾನು ಗಂಟಲು ಸರಿಮಾಡಿಕೊಂಡು "ಊಂ..." ಅಂದೆ. ಉಸಿರು ಹಿಡಿದೆ. ಕಣ್ಣು ಮೇಲೆ ಮಾಡಿದೆ, ಗಲ್ಲ ಅದುರಿಸಿದೆ. ಪಕ್ಕದಲ್ಲಿ ಅತ್ತೆ ಮುಂದಕ್ಕೆ ಬಾಗಿ ಕೂತಿದ್ದರು. ನಾನು ಢುಂ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ನನ್ನ ಕೈ ಹಿಡಿದರು.

"ಸಾಕು" ಅಂದರು. "ಅಲ್ಲೇ ಇರಲಿ."