ರಿವಾಲ್ವರಿನ ಮೇಲೊಂದು ಹೆಬ್ಬೆಟ್ಟು

"ಭಾನುವಾರ ಹನ್ನೊಂದು ಗಂಟೆಗೆ ಕ್ಲಬ್ಬಿನ ಕಾರ್ಯದರ್ಶಿಗಳು ಈ ಬಾಗಿಲಲ್ಲಿ ಒಳಗೆ ಬರ್ತಾರೆ. ಹನ್ನೆರಡಕ್ಕೆ ಅವರು ಹೊರಗೆ ಹೋಗೋವಾಗ ಇದು ಒಬ್ಬ ಸದಸ್ಯನ ಮನೆ ಆಗಿರುತ್ತೆ. ಬರೆದಿಟ್ಕೊಳ್ಳಿ!" ಎಂದು ಕರ್ನಲ್ ಸಾಹೇಬರು ಘೋಷಿಸಿದರು.

ಬರೆದಿಟ್ಟುಕೊಳ್ಳಲು ಯಾರ ಕೈಯೂ ಬಿಡುವಾಗಿರಲಿಲ್ಲ. ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಕೆಳಗೆ ಹುಡುಕುತ್ತಿದ್ದರು. ಎರಡು ದಿನಕ್ಕೆಂದು ಬಂದು ಎಂಟು ತಿಂಗಳಾಗಿದ್ದ ಬಾಮೈದ ಕಾಲಿನ ಉಗುರು ತೆಗೆಯುತ್ತಿದ್ದ.

ಕರ್ನಲ್ ಎಂದರೆ ಸೇನೆಯ ಗೇಟನ್ನು ಕಂಡವರೆಂದು ತಿಳಿಯಬಾರದು. ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರ ಹೆಬ್ಬೆರಳು ಹಿಡಿದು, ಶಾಯಿಗೆ ತಾಗಿಸಿ, ಕಾಗದಕ್ಕೆ ಒತ್ತಿಸುವ ಗುಮಾಸ್ತರು ಅವರು. ದೊಡ್ಡಪ್ಪನ ಕಾಲಾನಂತರ ನೂರಹತ್ತು ವರ್ಷದ ರಿವಾಲ್ವರೊಂದು ಲೈಸೆನ್ಸ್ ಸಮೇತ ಕೈಸೇರಿತು. ಅಂದೇ ಮೀಸೆಯ ತುದಿ ಮೇಲಕ್ಕೆ ತಿರುಗಿತು. ಸುದ್ದಿ ಕೇಳಿದ ಬಾಮೈದ ಊರಿನಿಂದ ಫೋನಿನಲ್ಲೇ ಕರ್ನಲ್ ಪದವಿ ದಯಪಾಲಿಸಿದ. ಅದು ಗೇಲಿಯೆಂದು ಸಾಹೇಬರಿಗೆ ಈವರೆಗೂ ಹೊಳೆದಿಲ್ಲ. ರಿವಾಲ್ವರಿಗೆ ಅವರು "ನನ್ನ ಸಂಗ್ರಹ" ಎನ್ನುತ್ತಾರೆ. ಸಂಗ್ರಹದಲ್ಲಿ ಇರುವುದು ಒಂದೇ ಒಂದು.

ಹಳೆಯ ಪಿಸ್ತೂಲುಗಳ ಕ್ಲಬ್ಬಿನಲ್ಲಿ ಮೂರು ವರ್ಷಗಳಿಂದ ಸಾಹೇಬರು ಬರೀ ಅತಿಥಿ. ಸದಸ್ಯರು ಒಳಗೆ ಬೆತ್ತದ ಕುರ್ಚಿಯಲ್ಲಿ ಕುಳಿತರೆ ಅತಿಥಿಗಳಿಗೆ ಹೊರಗೆ ಪ್ಲಾಸ್ಟಿಕ್ ಸ್ಟೂಲು. ಗುಂಡು ಹಾರಿಸುವ ಸರದಿಯೂ ಕೊನೆಗೆ. ಆ ಬೆತ್ತದ ಕುರ್ಚಿಗಾಗಿ ಸಾಹೇಬರ ಜೀವ ಹಾತೊರೆಯುತ್ತಿತ್ತು. ಕ್ಲಬ್ಬಿನ ಪದ್ಧತಿ ಮಾತ್ರ ಕಠಿಣ: ಸದಸ್ಯನಾಗುವವನ ಗುರಿಯನ್ನು ಅವರು ನೋಡುವುದಿಲ್ಲ, ಮನೆಗೆ ಬಂದು ಆಯುಧವನ್ನು ಹೇಗೆ ಸಾಕಿದ್ದಾನೆಂದು ನೋಡುತ್ತಾರೆ. ಗುರಿ ನೋಡದಿರುವುದು ಸಾಹೇಬರ ಪುಣ್ಯ. ಅವರ ಗುಂಡು ಗುರಿಹಲಗೆಯನ್ನು ಬಿಟ್ಟು ಉಳಿದೆಲ್ಲವನ್ನೂ ಮುಟ್ಟಿ ಬರುತ್ತಿತ್ತು.

ಕ್ಲಬ್ಬು ಕೊಟ್ಟ ಆರೈಕೆಯ ಕೈಪಿಡಿಯಲ್ಲಿ ಅವರು ಓದಿದ್ದು ಮೊದಲ ಪುಟ ಮಾತ್ರ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಕೂತು ಉಕ್ಕು ತುಕ್ಕು ಹಿಡಿಯುತ್ತದೆ ಎಂದಿತ್ತು. ಸಾಕು! ರಿವಾಲ್ವರಿಟ್ಟ ಕಪಾಟಿನ ಬಾಗಿಲು ಒರೆಸುವವರಿಗೂ ಬಿಳಿ ಕೈಗವಸು ಕಡ್ಡಾಯವಾಯಿತು. ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಕಪಾಟಿನಿಂದ ಹತ್ತು ಅಡಿ ಆಚೆಗೆ ಗಡೀಪಾರು ಮಾಡಲಾಯಿತು.

ಶುಕ್ರವಾರ ಸಂಜೆ ಸಾಹೇಬರು ಕೈಗವಸು ತೊಟ್ಟು, ಗುಂಡಿಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಭೂತಗನ್ನಡಿ ಹಿಡಿದು ನೋಡಿದರು. ನಳಿಕೆಯ ನೀಲಿಗಪ್ಪು ಬಣ್ಣದ ಮೇಲೆ ಕಂದು ತುಕ್ಕಿನ ಗೆರೆಗಳು. ಸುರುಳಿ ಸುರುಳಿ. ಅಚ್ಚೊತ್ತಿದಂಥ ಹೆಬ್ಬೆಟ್ಟು!

"ಯಾರದು?" ಎಂಬ ಗರ್ಜನೆಗೆ ಅತ್ತೆಯ ಕನ್ನಡಕ ತಾನಾಗಿ ಮೂಗಿಗೆ ಇಳಿಯಿತು.

"ಏನಾಯ್ತ್ರೀ, ಕಳ್ಳ ಬಂದನಾ?" ಹೆಂಡತಿ ಓಡಿ ಬಂದಳು.

"ಕಳ್ಳ ಮನೆಯೊಳಗೇ ಇದ್ದಾನೆ ಕಣೇ! ಎಲ್ಲರೂ ಸಾಲಾಗಿ ನಿಲ್ಲಿ. ಹೆಬ್ಬೆಟ್ಟು ಓದೋದ್ರಲ್ಲಿ ನನ್ನನ್ನ ಮೀರಿಸಿದವನು ಇನ್ನೂ ಹುಟ್ಟಿಲ್ಲ!"

ಕಚೇರಿಯ ಶಾಯಿ ಪ್ಯಾಡು ಚೀಲದಿಂದ ಹೊರಬಂತು. ಮೊದಲು ಬಾಮೈದನ ಕೈ ಹಿಡಿದರು.

"ಭಾವ, ನನ್ನ ಆಸ್ತಿ ಬರೆಸ್ಕೊಳ್ತಿದ್ದೀರಾ? ಇರೋದು ಎರಡೇ ಪ್ಯಾಂಟು, ಒಂದಕ್ಕೆ ಜಿಪ್ಪಿಲ್ಲ."

"ಬಾಯ್ಮುಚ್ಚು. ನಿನ್ನ ಮೇಲೇ ನನ್ನ ಗುಮಾನಿ."

ಅತ್ತೆಯ ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. "ನಲವತ್ತು ವರ್ಷ ಪಾತ್ರೆ ತೊಳೆದ ಕೈ, ಅಳಿಯಂದ್ರೇ. ಗೆರೆ ಇನ್ನೆಲ್ಲಿ ಉಳಿಯುತ್ತೆ?" ಎಂದರು ಅವರು, ಏನನ್ನೂ ದೂರದೆ.

ಕಾಗದದ ಮೇಲೆ ಮೂರು ನೀಲಿ ಹೆಬ್ಬೆಟ್ಟು ಬಿದ್ದವು. ಸಾಹೇಬರು ಭೂತಗನ್ನಡಿಯನ್ನು ಕಾಗದಕ್ಕೂ ನಳಿಕೆಗೂ ಓಡಿಸಿದರು. ಒಂದೂ ಹೊಂದಲಿಲ್ಲ.

"ಇನ್ನೊಂದು ಬಾಕಿ ಇದೆ," ಎಂದಳು ಹೆಂಡತಿ.

"ಯಾರದು?"

"ಭೂತಗನ್ನಡಿ ಹಿಡ್ಕೊಂಡಿರೋದು."

ಸಾಹೇಬರು ನಕ್ಕರು. ಅವಳು ನಗಲಿಲ್ಲ. ಗಂಡನ ಕೈಗವಸು ಎಳೆದು, ಹೆಬ್ಬೆರಳನ್ನು ಪ್ಯಾಡಿಗೊತ್ತಿ, ಕಾಗದಕ್ಕೊತ್ತಿದಳು. ಹಿಂದೊಮ್ಮೆ ಕಚೇರಿಯ ಕತ್ತರಿ ತಗುಲಿ ಆಗಿದ್ದ ಓರೆ ಗಾಯ ಕಾಗದದ ಮೇಲೆ ಬೆಳ್ಳಗೆ ಬಿತ್ತು. ನಳಿಕೆಯ ಮೇಲೂ ಅದೇ ಓರೆ, ಅದೇ ಉದ್ದ.

ಆಗ ನೆನಪಾಯಿತು. ಮೂರು ವರ್ಷದಲ್ಲಿ ಮೊದಲ ಬಾರಿಗೆ, ಹೋದ ತಿಂಗಳು ಒಂದು ಗುಂಡು ಗುರಿಹಲಗೆಗೆ ತಾಗಿತ್ತು. ಅಂಚಿಗೆ. ಆ ಸಂಭ್ರಮದಲ್ಲಿ ಕೈಗವಸು ಕಿತ್ತೆಸೆದು, ರಿವಾಲ್ವರನ್ನು ಎದೆಗವಚಿಕೊಂಡು, ಒರೆಸುವುದನ್ನೂ ಮರೆತು ಮನೆಗೆ ಬಂದಿದ್ದರು.

"ಹೋಗ್ಲಿ ಬಿಡಿ," ಹೆಂಡತಿಯ ದನಿ ಮೆತ್ತಗಾಯಿತು. "ಹೌದು ಸಾರ್, ನನ್ನದೇ ಕೈ, ಮರೆತೆ ಅಂತ ಕಾರ್ಯದರ್ಶಿಗಳಿಗೆ ಹೇಳಿಬಿಡಿ. ಒಂದು ಮಾತಲ್ಲಿ ಮುಗಿಯುತ್ತೆ."

"ನಾನು? ಒಪ್ಪಿಕೊಳ್ಳೋದಾ?" ಸಾಹೇಬರ ಮೀಸೆ ನಡುಗಿತು. ಆ ವಂಶದಲ್ಲಿ ತಪ್ಪು ಮಾಡಿದವರಿದ್ದರು, ಒಪ್ಪಿಕೊಂಡವರು ಇರಲಿಲ್ಲ.

ಶನಿವಾರ ಮಧ್ಯಾಹ್ನ ಉಳಿದವರು ಮಲಗಿದ್ದಾಗ ಸಾಹೇಬರು ಸಿಂಕಿನಿಂದ ಪಾತ್ರೆ ಉಜ್ಜುವ ಸ್ಟೀಲ್ ನಾರು ತಂದು ತಿಕ್ಕಿದರು. ಹೆಬ್ಬೆಟ್ಟು ಹೋಯಿತು. ಜೊತೆಗೆ ಬಣ್ಣವೂ ಹೋಗಿ ನಾಣ್ಯದಗಲ ಬೆಳ್ಳಿ ಚುಕ್ಕೆ ಮೂಡಿತು. ಚುಕ್ಕೆ ಕಾಣದಿರಲೆಂದು ಸುತ್ತ ತಿಕ್ಕಿದರು. ಬಿಸ್ಕತ್ತಿನಗಲವಾಯಿತು. ಬಿಸ್ಕತ್ತು ಎದ್ದು ಕಾಣಬಾರದಲ್ಲ? ಚಹಾದ ಹೊತ್ತಿಗೆ ಇಡೀ ನಳಿಕೆ ಫಳಫಳ! ಕರಿಯ ಹಿಡಿ, ಬಿಳಿಯ ನಳಿಕೆ. ನೂರಹತ್ತು ವರ್ಷದಲ್ಲಿ ಆ ರಿವಾಲ್ವರು ಇಷ್ಟು ನಾಚಿರಲಿಲ್ಲ.

"ಏನ್ರೀ ಇದು, ಸೌಟು?" ಎಂದಳು ಎದ್ದು ಬಂದ ಹೆಂಡತಿ.

"ನಿನಗೇನು ಗೊತ್ತು! ಹೊಸದರ ಹಾಗೆ ಕಾಣ್ತಿದೆ ನೋಡು!"

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಕಾರ್ಯದರ್ಶಿಗಳು ಬಂದರು. ನಿವೃತ್ತ ದಂತವೈದ್ಯರು. ಮಾತು ಕಡಿಮೆ. ಕೈಗವಸು ತೊಟ್ಟು, ಪುಟ್ಟ ಟಾರ್ಚು ಬೆಳಗಿಸಿ, ರಿವಾಲ್ವರಿನ ಬಾಯಿ ತೆರೆಸಿ ಒಳಗೆ ಇಣುಕಿದರು. "ಒಳಗೆ ಚೆನ್ನಾಗಿದೆ," ಎಂದರು. ಸಾಹೇಬರು ಎದೆಯುಬ್ಬಿಸಿದರು. ಆಮೇಲೆ ಕಾರ್ಯದರ್ಶಿಗಳು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದನ್ನ ಯಾರು ತಿಕ್ಕಿದ್ದು?"

"ಹೊಳಪು ಬರಲಿ ಅಂತ ನಾನೇ ಸಾರ್..."

ಕಾರ್ಯದರ್ಶಿಗಳ ನೋಟ ಕೋಣೆಯಲ್ಲಿ ಒಂದು ಸುತ್ತು ಹಾಕಿತು. ಚಹಾ ಹಿಡಿದು ನಿಂತ ಹೆಂಡತಿ, ಗೋಡೆಗೊರಗಿದ ಬಾಮೈದ, ಕುರ್ಚಿಯಲ್ಲಿದ್ದ ಅತ್ತೆ.

"ಈ ಮನೇಲಿ ಎಲ್ಲರ ಹೆಬ್ಬೆರಳೂ ಯಾಕೆ ನೀಲಿ?"

ಸಾಹೇಬರು ಕೆಮ್ಮಿದರು. ಅತ್ತೆ ಮುಗ್ಧವಾಗಿ ಬೆರಳೆತ್ತಿ ತೋರಿಸಿದರು. "ಪಿಸ್ತೂಲಿನ ಮೇಲೆ ಯಾರದೋ ಹೆಬ್ಬೆಟ್ಟಿತ್ತಪ್ಪ. ಅದಕ್ಕೆ ನಮ್ಮದೆಲ್ಲ ಒತ್ತಿಸ್ಕೊಂಡ್ರು. ಕೊನೆಗೆ ನೋಡಿದ್ರೆ ಅಳಿಯಂದ್ರದ್ದೇ!"

"ಅಷ್ಟೇನಾ?" ಕಾರ್ಯದರ್ಶಿಗಳು ನಿಟ್ಟುಸಿರಿಟ್ಟರು. "ನನ್ನ ಪಿಸ್ತೂಲಿನ ಮೇಲೇ ಎರಡು ಹೆಬ್ಬೆಟ್ಟಿದೆ. ಅಧ್ಯಕ್ಷರದ್ದರ ಮೇಲೆ ಇಡೀ ಅಂಗೈ ಇದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ತುಕ್ಕು ಬೆಳೆಯದ ಹಾಗೆ ನೋಡ್ಕೊಂಡ್ರೆ ಆಯ್ತು. ಆದ್ರೆ ತಿಕ್ಕೋದು? ಹಳೇ ಆಯುಧಕ್ಕೆ ಹಳೇ ಬಣ್ಣವೇ ಪ್ರಾಣ. ಕೈಪಿಡಿಯ ಎರಡನೇ ಪುಟ ಪೂರ್ತಿ ಅದೇ ಇದೆಯಲ್ಲ!"

"ಮತ್ತೆ ಬಣ್ಣ ಹಾಕಿಸಿದ್ರೆ ಸಾರ್?"

"ಹಲ್ಲು ಸೆಟ್ಟು ಹಾಕಿಸಿದ ಹಾಗೆ. ಅಗಿಯಬಹುದು. ಸ್ವಂತ ಹಲ್ಲು ಅನ್ನೋಕಾಗಲ್ಲ."

ಅವರು ಅರ್ಜಿಯ ಮೇಲೆ ಅಡ್ಡಗೆರೆ ಎಳೆದು ಎದ್ದರು. ಬೆತ್ತದ ಕುರ್ಚಿ ಸಾಹೇಬರ ಕಣ್ಣೆದುರೇ ಬಾಗಿಲತ್ತ ನಡೆದುಹೋಗುತ್ತಿತ್ತು. ಅವರು ಹಿಂದೆಯೇ ಓಡಿದರು. ಮೀಸೆಯ ತುದಿಗಳೆರಡೂ ಕೆಳಗಿಳಿದಿದ್ದವು.

"ಸಾರ್, ಮತ್ತೆ ಯಾವಾಗ ಅರ್ಜಿ ಹಾಕಬಹುದು?"

"ನಳಿಕೆ ಮೊದಲಿನ ಬಣ್ಣಕ್ಕೆ ತಿರುಗಿದ ಮೇಲೆ."

"ಅದಕ್ಕೆ ಎಷ್ಟು ದಿನ ಹಿಡಿಯುತ್ತೆ?"

ಕಾರ್ಯದರ್ಶಿಗಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಲೆಕ್ಕ ಹಾಕಿದರು. "ಹಿಂದಿನ ಸಲ ನೂರಹತ್ತು ವರ್ಷ ಹಿಡಿದಿತ್ತು."

"ಒಂದು ಫಾರಂ ಕೊಟ್ಟು ಹೋಗಿ ಸಾರ್," ಎಂದಳು ಹೆಂಡತಿ, ಗಂಭೀರವಾಗಿ. "ಅಲ್ಲಿವರೆಗೂ ನಮ್ಮನೆ ಪಾತ್ರೆ ಉಜ್ಜುತ್ತಿರ್ತಾರೆ. ಕೈ ಚೆನ್ನಾಗಿ ಪಳಗಿದೆ."