ಅಂದಾಜು ಪಟ್ಟಿಯಲ್ಲಿ ಇಲ್ಲದ್ದು

ಮನೆ ಕಟ್ಟಿಸಿದವರನ್ನು ಯಾರನ್ನಾದರೂ ಮಾತಿಗೆ ಎಳೆದು ನೋಡಿ. ಗೋಡೆಯ ಸುದ್ದಿ ಎರಡು ಮಾತಿನಲ್ಲಿ ಮುಗಿಯುತ್ತದೆ. ಆಮೇಲೆ ಶುರುವಾಗುತ್ತದೆ, ಲೆಕ್ಕಕ್ಕೆ ಹಿಡಿಯದೆ ಇದ್ದ ಖರ್ಚುಗಳ ಸುದ್ದಿ. ಅದು ಊಟದ ಹೊತ್ತಾದರೂ ಮುಗಿಯುವುದಿಲ್ಲ. ನಮ್ಮದೂ ಹಾಗೆಯೇ.

ನಾನು ಸರಕಾರಿ ದವಾಖಾನೆಯಲ್ಲಿ ನರ್ಸಬಾಯಿ ಆಗಿದ್ದೆ. ದೇವಣಗಾಂವ, ಸಿಂದಗಿ, ಮುದ್ದೇಬಿಹಾಳ, ಕೊನೆಗೆ ಇಂಡಿ. ಇಪ್ಪತ್ತೆಂಟು ವರ್ಷ ಹೆರಿಗೆ ಮಾಡಿಸಿಕೊಂಡು ತಿರುಗಿದೆ. ನಮ್ಮ ಮನೆಯವರು ನಾನು ಹೋದ ಊರಲ್ಲೆಲ್ಲ ಯಾವುದಾದರೂ ಹತ್ತಿ ಜಿನ್ನಿನಲ್ಲಿ ತೂಕದ ಗುಮಾಸ್ತಿಕೆ ಹುಡುಕಿಕೊಳ್ಳುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸುವ ಹೊತ್ತಿಗೆ ನನಗೆ ಐವತ್ಮೂರು. ಐವತ್ತೈದಕ್ಕೆ ನೌಕರಿ ಮುಗಿಯುತ್ತದೆ, ಅದರ ಜೊತೆಗೆ ಸರಕಾರಿ ಕ್ವಾರ್ಟರ್ಸೂ ಹೋಗುತ್ತದೆ. ಅಲ್ಲಿಯವರೆಗೆ ಸ್ವಂತದ ಗೋಡೆಗೆ ಒಂದು ಮೊಳೆ ಹೊಡೆದವಳಲ್ಲ ನಾನು. ಎಪ್ಪತ್ತರ ದಶಕದ ನಡುವೆ, ಇಂಡಿಯಲ್ಲಿ ಸಾಲೋಟಗಿ ರಸ್ತೆಗೆ ಒಂದು ಜಾಗ ಹಿಡಿದೆವು.

ಚಹಾ

ತೂಕದ ಗುಮಾಸ್ತರು ಅಂದ ಮೇಲೆ ಕೇಳಬೇಕೆ? ನಮ್ಮ ಮನೆಯವರು ಒಂದು ನೋಟಬುಕ್ಕು ತಂದು ಅಂದಾಜು ಬರೆಯಲು ಕೂತರು. ಕಲ್ಲು, ಉಸುಕು, ಸುಣ್ಣ, ಸಿಮೆಂಟು, ಕಟ್ಟಿಗೆ, ಬಾಗಿಲಿನ ಚಿಲಕ, ಚಿಲಕಕ್ಕೆ ಸ್ಕ್ರೂ ಎಷ್ಟು ಅನ್ನುವುದನ್ನೂ ಬಿಡಲಿಲ್ಲ. ಎಂಟು ದಿನ ಬರೆದರು. ಆಮೇಲೆ ಗೌಂಡಿಯನ್ನು ಕರೆಸಿದರು. ಮುದ್ದೇಬಿಹಾಳದ ಕಡೆಯ ಮುದುಕ. ಕಟ್ಟುವುದರಲ್ಲಿ ಹೆಸರಾದವನು, ಓದಲು ಬರುತ್ತಿರಲಿಲ್ಲ. ಇವರು ಓದಿದರು, ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

"ಎಲ್ಲಾ ಬರೋಬ್ಬರಿ ಐತ್ರಿ ಸಾಹೇಬ್ರ. ಚಹಾ ಎಲ್ಲಿ ಬರದೀರಿ?"

"ಚಹಾನೂ ಬರೀಬೇಕೇನು?"

"ಮತ್ತ ಗ್ವಾಡಿ ಯಾತರ ಮ್ಯಾಲ ಏಳ್ತೈತ್ರಿ?"

ಇವರು ಆರು ಮಂದಿಗೆ ದಿನಕ್ಕೆ ಎರಡು ಸಲ ಅಂತ ಬರೆದುಕೊಂಡರು.

"ಅದು ಕೆಲಸ ಮಾಡೋರಿಗಾತ್ರಿ. ನೋಡಾಕ ಬಂದೋರಿಗೆ?"

"ನೋಡಾಕ ಯಾರು ಬರ್ತಾರೋ ಮಾರಾಯಾ, ಇದೇನು ಅರಮನಿಯೇನು?"

ಗೌಂಡಿ ನಕ್ಕ. ಕೆಲಸ ಶುರುವಾದ ಮೂರನೆಯ ದಿನದಿಂದ ಬರತೊಡಗಿದರು. ಜಿನ್ನಿನ ಹಳೆಯ ಹಮಾಲರು, ನನ್ನ ಕೈಯಲ್ಲಿ ಹಡೆದ ಹೆಣ್ಣುಮಕ್ಕಳ ಗಂಡಂದಿರು, ದಾರಿಯಲ್ಲಿ ಹೋಗುವವರು. ಹತ್ತು ನಿಮಿಷ ಕಲ್ಲಿನ ರಾಶಿಯ ಮೇಲೆ ಕೂತು, "ಗ್ವಾಡಿ ಸ್ವಲ್ಪ ಸೊಟ್ಟ ಆಗೈತಲ್ಲರಿ?" ಅಂತ ಕೇಳಿ, ಚಹಾ ಕುಡಿದು ಹೋಗುವರು. ಎದುರಿಗೆ ಒಂದು ಚಹಾದ ಗುಡಿಸಲು ಇತ್ತು, ಸೋಗೆಯದು. ನಮ್ಮ ಗೋಡೆ ಕಿಟಕಿಯ ಮಟ್ಟಕ್ಕೆ ಬರುವ ಮೊದಲೇ ಆ ಗುಡಿಸಲಿಗೆ ಹೊಸ ತಗಡಿನ ಪತ್ರಾಸು ಬಿತ್ತು.

ಪಾಯಾ

ಆದರೆ ಗೋಡೆಗಿಂತ ಮೊದಲು ಪಾಯಾ ತೋಡಬೇಕಲ್ಲ. ಇವರ ಅಂದಾಜಿನಲ್ಲಿ ಪಾಯಾ ಮೂರು ಫೂಟು. ನಮ್ಮದು ಎರೆಮಣ್ಣಿನ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಕೆಳಗೆ ಗಟ್ಟಿ ಗರಸು ಹತ್ತುವವರೆಗೆ ತೋಡಲೇಬೇಕು ಅಂತ ಗೌಂಡಿ ಹಟ ಹಿಡಿದ. ಮೂರು ಫೂಟಿಗೆ ಎರೆಮಣ್ಣು. ಐದಕ್ಕೆ ಎರೆಮಣ್ಣು. ಏಳಕ್ಕೂ ಅದೇ, ಅಂಗೈಯಲ್ಲಿ ಹಿಡಿದರೆ ಬೆಣ್ಣೆಯ ಹಾಗೆ ನುಣ್ಣಗೆ.

"ಬಾಯಾರ, ಜ್ವಾಳ ಬಿತ್ತಾಕ ಇಂಥಾ ಭೂಮಿ ಸಿಗಂಗಿಲ್ಲ ನೋಡ್ರಿ," ಅಂದ ಗೌಂಡಿ ನನಗೆ, ಸಮಾಧಾನ ಹೇಳುವವನ ಹಾಗೆ.

ನಮ್ಮ ಮನೆಯವರು ತಗ್ಗಿನ ದಂಡೆಯ ಮೇಲೆ ತಲೆಗೆ ಟವೆಲ್ ಹಾಕಿಕೊಂಡು ಕೂತಿರುತ್ತಿದ್ದರು. ಒಳಗೆ ಇಳಿದವರ ತಲೆ ಸಹ ಕಾಣಿಸುತ್ತಿರಲಿಲ್ಲ, ಬುಟ್ಟಿ ಮಾತ್ರ ಮೇಲೆ ಬರುತ್ತಿತ್ತು. ಅಗರಖೇಡದ ಕಡೆಯ ರೈತನೊಬ್ಬ ಸಂತೆಗೆ ಹೊರಟವನು ಚಕ್ಕಡಿ ನಿಲ್ಲಿಸಿದ.

"ನೀರು ಹತ್ತೇತೇನ್ರಿ?"

"ಬಾವಿ ಅಲ್ಲಪಾ, ಮನಿ ಕಟ್ಟಾಕತ್ತೇವಿ," ಅಂದರು ಇವರು.

ಅವನು ಚಕ್ಕಡಿಯಿಂದ ಇಳಿದು ಬಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. "ಎಲ್ಲಾರೂ ಮನಿ ಮ್ಯಾಲಕ್ಕ ಕಟ್ತಾರ್ರಿ," ಅಂದ, "ನೀವ್ಯಾಕ್ರಿ ಕೆಳಗ ಕಟ್ಟಾಕತ್ತೀರಿ?"

ಒಂಬತ್ತನೆಯ ಫೂಟಿಗೆ ಗರಸು ಹತ್ತಿತು. ಮನೆಗೆಂದು ತಂದಿದ್ದ ಕಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ತಗ್ಗಿಗೇ ಹೋಯಿತು. ಆಮೇಲೆ ಯಾರಾದರೂ "ಮನಿ ಎಷ್ಟು ಅಂತಸ್ತಿಂದ್ರಿ?" ಅಂತ ಕೇಳಿದರೆ ಇವರು ಬಹಳ ಗಂಭೀರವಾಗಿ "ಎರಡು. ಒಂದು ಮುಚ್ಚೇವಿ," ಅನ್ನುತ್ತಿದ್ದರು.

ಅಡಿಗೆಮನೆ

ಬಸವನ ಬಾಗೇವಾಡಿಯಿಂದ ನಮ್ಮ ಮನೆಯವರ ದೊಡ್ಡಕ್ಕ ಬಂದರು. ಅವರ ಮಾತಿಗೆ ಎದುರು ಹೇಳಿದವರು ಆ ಮನೆತನದಲ್ಲೇ ಇಲ್ಲ. ಗೋಡೆ ಮೊಣಕಾಲುದ್ದ ಎದ್ದಿತ್ತು.

"ಒಲಿ ಎಲ್ಲಿ ಬರ್ತೈತಿ?"

ತೋರಿಸಿದೆ.

"ಅಯ್ಯ, ಅಲ್ಲಿ ಒಲಿ ಹಾಕಿದ್ರ ಮನಿಯಾಗ ನಾಕು ಕಾಸು ನಿಲ್ಲಂಗಿಲ್ಲ. ಕೆಡವ್ರಿ."

"ಅಕ್ಕಾ, ಈಗ ಕೆಡವಿದ್ರೂ ನಾಕು ಕಾಸು ನಿಲ್ಲಂಗಿಲ್ಲ," ಅಂದರು ಇವರು ಮೆಲ್ಲಗೆ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಕೆಡವಿ ಎಡಕ್ಕೆ ಒಯ್ದೆವು.

ಮುಂದಿನ ವಾರ ನನ್ನ ಅಣ್ಣ ಬಂದ. "ಹೊಗಿ ಎಲ್ಲಾ ಪಡಸಾಲಿಗೆ ಬರ್ತೈತಿ, ಗಾಳಿ ಯಾ ಕಡಿಂದ ಬೀಸ್ತೈತಿ ನೋಡಿಲ್ಲೇನು?" ಅಂದ. ಗಾಳಿ ಅವನ ಹೇಳಿಕೆಯಂತೆಯೇ ಬೀಸುತ್ತಿತ್ತು. ಹಿಂದಕ್ಕೆ ಒಯ್ದೆವು. ಹಿಂದಕ್ಕೆ ಒಯ್ದ ಸುದ್ದಿ ಬಾಗೇವಾಡಿಗೆ ಮುಟ್ಟಿ, ದೊಡ್ಡಕ್ಕ ಮರುದಿನದ ಬಸ್ಸಿಗೇ ಬಂದಿಳಿದರು. ಗೌಂಡಿ ಅವರನ್ನು ದೂರದಿಂದಲೇ ನೋಡಿ ಕರಣಿ ಕೆಳಗಿಟ್ಟ.

"ಬಾಯಾರ," ಅಂದ ನನಗೆ, "ಇನ್ನ ಎಷ್ಟು ಮಂದಿ ಬೀಗರು ಬರೋರು ಅದಾರ ಅಂತ ಮೊದಲ ಹೇಳಿಬಿಡ್ರಿ. ಭಾಳ ಮಂದಿ ಇದ್ರ ಅಡಗಿಮನಿಗೆ ಕೆಳಗ ಗಾಲಿ ಹಚ್ಚಿ ಕೊಡ್ತೇನಿ. ಯಾರು ಬರ್ತಾರೋ ಅವರ ಕಡೆ ದೂಡ್ರಿ."

ಫುಕಟ ಬಾಗಿಲು

ಇದು ನನ್ನದೇ ತಪ್ಪು. ಸಿಂದಗಿಯಲ್ಲಿ ನಾನು ಹೊಸದಾಗಿ ನೌಕರಿ ಮಾಡುವಾಗ ಒಬ್ಬಾಕೆಗೆ ಕಷ್ಟದ ಹೆರಿಗೆ ಮಾಡಿಸಿದ್ದೆ. ಕೂಸು ಕಾಲು ಮುಂದಾಗಿ ಬಂದಿತ್ತು. ತಾಯಿ, ಕೂಸು ಎರಡೂ ಜೀವ ಉಳಿದವು. ಆ ಕೂಸು ಈಗ ಇಪ್ಪತ್ತೈದು ವರ್ಷದ ಬಡಿಗ. ನಾನು ಮನೆ ಕಟ್ಟಿಸುತ್ತಿರುವುದು ಗೊತ್ತಾಗಿ ಹುಡುಕಿಕೊಂಡು ಬಂದು ಕಾಲಿಗೆ ಬಿದ್ದ.

"ಬಾಯಾರ, ನಿಮ್ಮ ಬಾಗಲಾ ನಾ ಮಾಡ್ತೇನಿ. ಒಂದು ಪೈಸಾ ಮುಟ್ಟಬಾರದು ಅಂತ ಅವ್ವ ಆಣಿ ಹಾಕ್ಯಾಳ."

ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯವರು ಅವತ್ತೇ ನೋಟಬುಕ್ಕು ತೆಗೆದು ಬಾಗಿಲಿನ ಮಜೂರಿ ಹೊಡೆದು ಹಾಕಿದರು. ಇಷ್ಟು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಬಡಿಗ ಬಂದ. ಜೊತೆಗೆ ಅವನ ಅವ್ವ ಬಂದಳು, "ನನ್ನ ಉಳಿಸಿದ ಬಾಯಾರನ್ನ ನೋಡಬೇಕು" ಅಂತ. ಅವಳ ಹಿಂದೆ ಸೊಸೆ ಬಂದಳು. ಸೊಸೆಯ ಹೊಟ್ಟೆ ನೋಡಿದ ತಕ್ಷಣ ನನಗೆ ತಿಳಿಯಿತು. ಒಂಬತ್ತು ತುಂಬಿತ್ತು.

"ಮೊಮ್ಮಗನೂ ನಿಮ್ಮ ಕೈಯಾಗನ ಹುಟ್ಟಬೇಕ್ರಿ," ಅಂದಳು ಬಡಿಗನ ಅವ್ವ.

ಇಲ್ಲ ಅನ್ನುವುದು ಹೇಗೆ? ಅವರಿಗೆ ಇಂಡಿಯಲ್ಲಿ ಬೇರೆ ಯಾರೂ ಇಲ್ಲ. ಕ್ವಾರ್ಟರ್ಸಿನ ಎರಡು ಖೋಲಿಯಲ್ಲಿ ಒಂದು ಅವರದಾಯಿತು. ಹೆರಿಗೆ ಸುಸೂತ್ರವಾಯಿತು, ಗಂಡು ಕೂಸು. ಬಾಣಂತಿಗೆ ಕೊಬ್ಬರಿ, ಬೆಲ್ಲ, ತುಪ್ಪ, ಅಂಟಿನುಂಡಿ, ಎರೆಯುವ ನೀರಿಗೆ ಕಟ್ಟಿಗೆ. ಬಡಿಗ ಮಗನ ಮುಖ ನೋಡುತ್ತ ಕೂತು ಎಂಟು ದಿನ ಉಳಿ ಮುಟ್ಟಲಿಲ್ಲ. ತಿಂಗಳ ಮೇಲೆ ಎಲ್ಲರೂ ಸಿಂದಗಿಗೆ ಹೊರಟರು. ಬಾಗಿಲು ಮಾತ್ರ ಚಂದವಾಗಿ ಆಗಿತ್ತು, ಸುಳ್ಳು ಹೇಳಬಾರದು.

ಆ ಸಂಜೆ ಇವರು ಏನೋ ಬರೆಯುತ್ತಿದ್ದರು, ಇಣುಕಿ ನೋಡಿದೆ. "ಬಾಗಿಲಿನ ಖರ್ಚು" ಅಂತ ತಲೆಬರಹ ಹಾಕಿ ಕೆಳಗೆ ಬರೆದಿದ್ದರು: ತುಪ್ಪ, ನಾಲ್ಕು ಸೇರು.

ಓದುವ ಖೋಲಿ

ಸ್ಲ್ಯಾಬು ಹಾಕುವ ಹೊತ್ತಿಗೆ ದುಡ್ಡು ತೀರಿತ್ತು. ಕ್ವಾರ್ಟರ್ಸು ಬಿಡಲು ನಾಲ್ಕು ತಿಂಗಳು ಉಳಿದಿತ್ತು. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ರೊಟ್ಟಿ ಮುರಿಯುತ್ತ, "ನನ್ನ ಲೆಕ್ಕ ತಪ್ಪಿತು," ಅಂದರು. ಮೂವತ್ತು ವರ್ಷ ಹತ್ತಿ ತೂಗಿ ಅರ್ಧ ಸೇರು ತಪ್ಪದ ಮನುಷ್ಯ.

ಮೂರು ಖೋಲಿಯ ಗೋಡೆ ಎದ್ದಿತ್ತು. ಎರಡಕ್ಕೆ ಸಾಕಾಗುವಷ್ಟು ಸಿಮೆಂಟು ಸರಕಾರಿ ಪರ್ಮಿಟ್ಟಿನ ಮೇಲೆ ಬಂದಿತ್ತು.

"ಒಂದು ಖೋಲಿ ಬಿಟ್ಟುಬಿಡೂಣು," ಅಂದೆ.

"ಯಾವುದು?"

"ಮೂಲಿ ಖೋಲಿ."

"ಅದು ನನ್ನ ಓದೋ ಖೋಲಿ!"

"ನಿಮ್ಮನ್ನ ಕಟಗೊಂಡು ಮೂವತ್ತು ವರ್ಷ ಆತು. ಪಂಚಾಂಗ ಬಿಟ್ಟು ಏನು ಓದೀರಿ ಹೇಳ್ರಿ ನೋಡೂಣು."

ಅವರು ರೊಟ್ಟಿ ತಟ್ಟೆಗೆ ಇಟ್ಟರು. "ಖೋಲಿ ಇರಲಿಲ್ಲ," ಅಂದರು, "ಅದಕ್ಕ ಓದಲಿಲ್ಲ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮರುದಿನ ಅವರೇ ಹೋಗಿ ಗೌಂಡಿಗೆ ಆ ಗೋಡೆ ಇಳಿಸಲು ಹೇಳಿದರು. ಆ ಕಲ್ಲು ಕಂಪೌಂಡಿಗೆ ಆಯಿತು. ಗೌಂಡಿಗೂ ಪಾಪ ಅನ್ನಿಸಿ ಪಡಸಾಲೆಯ ಗೋಡೆಯಲ್ಲಿ ಪುಸ್ತಕ ಇಡಲು ಒಂದು ದೊಡ್ಡ ಮಾಡ ಮಾಡಿಕೊಟ್ಟ. ಅದರಲ್ಲಿ ಇವತ್ತಿಗೂ ಪಂಚಾಂಗ ಒಂದೇ ಇದೆ.

ಮ್ಯಾಲ ಹೋಗ್ಯಾರ

ಇನ್ನೊಂದನ್ನು ಇವರು ಅಂದಾಜಿಗೆ ಹಿಡಿದೇ ಇರಲಿಲ್ಲ, ಮಾಳಿಗೆಗೆ ಮೆಟ್ಟಿಲು. ಸ್ಲ್ಯಾಬು ಬಿದ್ದ ಮೇಲೆ ನೆನಪಾಯಿತು. ಕೈಯಲ್ಲಿ ಏನೂ ಉಳಿದಿರಲಿಲ್ಲ. ಮುಂದೆ ನೋಡೋಣ ಅಂದುಕೊಂಡೆವು. ಗೌಂಡಿಯ ಬಿದಿರಿನ ನಿಚ್ಚಣಿಕೆ ಹಿತ್ತಲಲ್ಲಿ ಆನಿಸಿತ್ತು, ಅದೇ ಸಾಕಾಗಿತ್ತು.

ಗೃಹಪ್ರವೇಶದ ಬೆಳಿಗ್ಗೆ ಇವರು ಸ್ನಾನ ಮಾಡಿ, ಹೊಸ ಧೋತರ ಉಟ್ಟು, ಮಾಳಿಗೆಯ ಮೇಲೆ ನೀರು ಎಲ್ಲಿಯಾದರೂ ನಿಂತಿದೆಯೋ ನೋಡಿ ಬರುತ್ತೇನೆ ಅಂತ ಹತ್ತಿದರು. ಬೀಗರು ಬರುವ ಹೊತ್ತಾಯಿತು, ಅಂಗಳ ಸ್ವಚ್ಛ ಕಾಣಲಿ ಅಂತ ಗೌಂಡಿಯ ಆಳುಗಳು ಬಿದಿರು, ಬುಟ್ಟಿ, ನಿಚ್ಚಣಿಕೆ ಎಲ್ಲ ಚಕ್ಕಡಿಗೆ ಹೇರಿಕೊಂಡು ಮುಂದಿನ ಕೆಲಸಕ್ಕೆ ಸಾಲೋಟಗಿಗೆ ಹೊರಟುಹೋದರು. ಮೇಲೆ ಮನುಷ್ಯ ಇದ್ದಾನೆ ಅಂತ ಅವರಿಗೇನು ಗೊತ್ತು?

ಕೂಗಿ ಕರೆಯಲು ಇವರಿಗೆ ನಾಚಿಕೆ. ಹಿತ್ತಲಲ್ಲಿ ನನ್ನ ಮೇಲೆ ಒಂದು ಸಣ್ಣ ಹರಳು ಬಿತ್ತು. ಮೇಲೆ ನೋಡಿದೆ.

"ನಿಚ್ಚಣಿಕಿ ಎಲ್ಲೈತಿ?" ಅಂದರು ಪಿಸುಮಾತಿನಲ್ಲಿ.

"ಹೋತು."

"ಎಲ್ಲಿಗೆ?"

"ಸಾಲೋಟಗಿಗೆ. ಸುಮ್ನ ಕೂಡ್ರಿ, ತರಸ್ತೇನಿ."

ಸೈಕಲ್ಲಿನ ಮೇಲೆ ನನ್ನ ಅಣ್ಣನನ್ನು ಓಡಿಸಿದೆ. ಒಳಗೆ ಪೂಜೆಗೆ ಕೂತ ಅಯ್ಯನವರು "ಯಜಮಾನರನ್ನ ಕರೀರಿ" ಅಂತ ಅವಸರ ಮಾಡುತ್ತಿದ್ದರು. ಅಷ್ಟರಲ್ಲಿ ಅಗರಖೇಡದಿಂದ ಇವರ ಸೋದರತ್ತೆ ಬಸ್ಸಿಳಿದು ಬಂದರು. ವಯಸ್ಸಾದವರು, ಕಿವಿ ಮಂದ. ಜೊತೆಗೆ ಅವರ ಓಣಿಯ ನಾಲ್ಕು ಹೆಂಗಸರು. ಬಾಗಿಲಲ್ಲೇ ಕೇಳಿದರು:

"ನಿನ್ನ ಗಂಡ ಎಲ್ಲದಾನ ಯವ್ವಾ?"

ನನ್ನ ಕೈಯಲ್ಲಿ ಹಾಲಿನ ಪಾತ್ರೆ, ತಲೆಯಲ್ಲಿ ನೂರು ಕೆಲಸ. ಜೋರಾಗಿ ಹೇಳಿದೆ, "ಮ್ಯಾಲ ಹೋಗ್ಯಾರ್ರಿ ಅತ್ತಿ!"

ಅವರ ಮುಖ ಬಿಳಿಚಿಕೊಂಡಿತು. "ಯಾವಾಗ?"

"ಈಗ ತಾಸಾತ್ರಿ. ಹೊಸ ಧೋತರ ಉಟ್ಟು ಹೋದ್ರು. ತಿರುಗಿ ಬರಾಕ ಆಗವಲ್ದು."

ನಾನು ಒಳಗೆ ಹೋಗಿ ಹಾಲು ಒಲೆಯ ಮೇಲಿಟ್ಟಿದ್ದೆನೋ ಇಲ್ಲವೋ, ಹೊಸಿಲಿನಲ್ಲಿ ಅಳು ಎದ್ದಿತು. ಅತ್ತೆ ಕಾಲು ಚಾಚಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು. "ಮನಿ ಕಟ್ಟಿಸಿ, ಒಳಗ ಕಾಲ ಇಡಲಾರದ ಹ್ವಾದ್ಯಲ್ಲೋ ನನ್ನಪ್ಪಾ!" ಜೊತೆಗೆ ಬಂದ ನಾಲ್ವರೂ ದನಿಗೂಡಿಸಿದರು. ರಸ್ತೆಯಲ್ಲಿ ಹೋಗುವವರು ಟೊಪ್ಪಿಗೆ ತೆಗೆದು ಅಂಗಳಕ್ಕೆ ಬಂದರು. ಎದುರಿನ ಚಹಾದವನು ಒಲೆ ಆರಿಸಿ ಓಡಿ ಬಂದ. ಅಯ್ಯನವರು ಗಂಟೆ ಕೆಳಗಿಟ್ಟು, ಮುಂದೆ ಯಾವ ಮಂತ್ರ ಹೇಳುವುದು ಅಂತ ತಿಳಿಯದೆ ನನ್ನ ಮುಖ ನೋಡಿದರು.

ನಮ್ಮ ಮನೆಯವರಿಗೆ ಮೇಲಿನಿಂದ ಅಳು ಕೇಳಿಸಿತು. ಶುಭದಿನ ಯಾರಿಗೋ ಏನೋ ಆಯಿತು ಅಂದುಕೊಂಡರು. ಮಾಳಿಗೆಯ ಅಂಚಿಗೆ ಬಂದು, ಮೊಣಕಾಲೂರಿ, ಕೆಳಗೆ ಬಗ್ಗಿ ಕೇಳಿದರು:

"ಯಾರ್ರೀ ತೀರಿಕೊಂಡಾರ?"

ಅಂಗಳದ ಮಂದಿಯೆಲ್ಲ ಮೇಲೆ ನೋಡಿದರು. ಚಹಾದವನೇ ಮೊದಲು ಬಾಯಿ ಬಿಟ್ಟ.

"ನೀವ್ರಿ!"

"ನಾನಾ?" ಅಂದರು ಇವರು. "ನಾ ಎಲ್ಲಿಗೆ ಹೋಗ್ಲೆಪಾ? ನಿಚ್ಚಣಿಕಿನ ಒಯ್ದಾರ!"